ಅಕ್ಕನ್ನ ಮಲಗಿಸಿ ತರೂ ಗಾಡಿ

ನಮ್ಮ ಮನಿ ಮುಂದ ನಿಂತಿರೂ ಗಾಡಿಗೆ ಕಾಗದದಾಗ ಸ್ಟೇಷನ್ ವ್ಯಾಗನ್ ಅಂತ ಹೆಸರೈತಿ. ಮೂಡಲಗಿ ಮಂದಿ ಅದಕ್ಕ ಉದ್ದನ ಗಾಡಿ ಅಂತಾರ. ಬ್ಯಾರೆ ಕಾರು ಎಲ್ಲಿ ಮುಗೀತಾವೋ ಅಲ್ಲಿ ಇದು ಮುಗಿಯೂದಿಲ್ಲ. ಸೀಟಿನ ಹಿಂದ ಇನ್ನೂ ಒಂದ ಸಣ್ಣ ಖೋಲಿಯಷ್ಟ ಜಾಗಾ, ಅದರ ಹಿಂದ ಮ್ಯಾಲಕ್ಕ ಎತ್ತೂ ಬಾಗಿಲ. ಕಂಪನಿಯವರು ಇದನ್ನ ಮಾಡೂದು ಬಿಟ್ಟ ಭಾಳ ವರ್ಷ ಆತು. ಗೋಕಾಕದ ಒಬ್ಬ ಡಾಕ್ಟರ ಕಡಿಂದ ನಾ ಇದನ್ನ ತಗೊಂಡಾಗ ಅವರು ಕೀಲಿ ಕೈಯಾಗಿಟ್ಟು, "ದೇವರು ಒಳ್ಳೇದ ಮಾಡ್ಲಿ" ಅಂದ್ರು. ಡಾಕ್ಟರ ಬಾಯಾಗ ಈ ಮಾತ ಬಂತಂದ್ರ ಅರ್ಥ ಏನು ಅಂತ ನನಗ ಆಗ ತಿಳೀಬೇಕಿತ್ತು.

ನನ್ನದು ಹಿಟ್ಟಿನ ಗಿರಣಿ. ಗಿರಣಿ ನಡಸೂ ಮಂದಿಗೆ ಒಂದ ರೋಗ ಇರತೈತಿ. ಪಟ್ಟಾ ಹರದ್ರ ತಾವ ಹೊಲೀತಾರ, ಬೇರಿಂಗ್ ಹೋದ್ರ ತಾವ ಬಡದ ತಗೀತಾರ, ಹಂಗಾಗಿ ಜಗತ್ತಿನ್ಯಾಗ ತಿರಗೂದು ಏನೇನ ಐತಿ ಅದೆಲ್ಲಾ ತಮಗ ತಿಳೀತೈತಿ ಅಂತ ಅನ್ಕೊಂಡಿರ್ತಾರ. ನನ್ನ ಗಾಡಿ ಗ್ಯಾರೇಜ್ ಮುಖಾ ನೋಡಿದ್ದು ಕಡಿಮಿ. ರೇಡಿಯೇಟರಿನ ಪೈಪು ಸೀಳಿದಾಗ ಸೈಕಲ್ ಟ್ಯೂಬ್ ಸುತ್ತಿದೆ. ಕಿಟಕಿ ಗ್ಲಾಸು ಕೆಳಗ ಜಾರಿದಾಗ ಕಟ್ಟಿಗಿ ಬೆಣಿ ಬಡದೆ. ಹಿಂದಿನ ಬಾಗಿಲಾ ಎತ್ತಿ ಹಿಡಿಯೂ ಕಡ್ಡಿ ಎರಡೂ ಸತ್ತ ಹೋಗಿದ್ವು, ಅವುಕ್ಕ ಒಂದ ಬಿದರ ಬಡಗಿ ಇಟ್ಟೆ. "ನೀವ ರಿಪೇರಿ ಮಾಡೂದಲ್ರಿ," ಅಂತಾಳ ನನ್ನ ಹೆಂಡತಿ, "ಗಾಡಿ ನಿಮಗ ಹೆದರಿ ನಡೀತೈತಿ."

ಈಗ ಅಕ್ಕನ ವಿಷಯಕ್ಕ ಬರ್ತೇನಿ. ನನ್ನ ಅಕ್ಕನ್ನ ಹುಕ್ಕೇರಿಗೆ ಕೊಟ್ಟೇವಿ. ಪಂಚಮಿ ಹಬ್ಬಕ್ಕ ಹೆಣ್ಮಕ್ಕಳು ತವರಿಗೆ ಬರೂದು, ಅಣ್ಣ-ತಮ್ಮರು ಹೋಗಿ ಕರಕೊಂಡ ಬರೂದು ನಮ್ಮ ಕಡೆ ಪದ್ಧತಿ. ಅಕ್ಕ ಅಜ್ಜಿ ಆದ್ರೂ ಇದನ್ನ ಬಿಟ್ಟಿರಲಿಲ್ಲ. ಆಗ ಈ ಗಾಡಿ ಇರಲಿಲ್ಲ, ಬಸ್ಸಿನ್ಯಾಗ ಹೋಗಿ ಬಸ್ಸಿನ್ಯಾಗ ತರ್ತಿದ್ದೆ. ಆಮ್ಯಾಲ ಅವ್ವ ತೀರಕೊಂಡ್ಲು. ಹೋದ ವರ್ಷ ದುಃಖದ ವರ್ಷ ಅಂತ ಹಬ್ಬಾನ ಮಾಡಲಿಲ್ಲ. ಈ ವರ್ಷ ಮಾಡೋಣ ಅನ್ನೂದ್ರಾಗ ಬ್ಯಾಸಿಗ್ಯಾಗ ಅಕ್ಕ ಬಚ್ಚಲದಾಗ ಜಾರಿ ಬಿದ್ದು ತೊಡಿ ಎಲಬ ಮುರಕೊಂಡ್ಲು. ಡಾಕ್ಟರು ಒಳಗ ರಾಡ ಹಾಕಿ, ಕಾಲ ಮಡಚಿ ಭಾಳೊತ್ತ ಕುಂದರಬ್ಯಾಡ್ರಿ ಅಂದ್ರು. ಬಸ್ಸಂತೂ ದೂರದ ಮಾತಾತು. ಮಂದಿ ಕಾರಿನ್ಯಾಗೂ ಕಾಲ ಚಾಚಾಕ ಬರೂದಿಲ್ಲ.

ಶ್ರಾವಣ ಹತ್ತರ ಬಂದಾಗ ಫೋನ್ ಹಚ್ಚಿದೆ. "ಈ ಸಲ ಬರೂದಿಲ್ಲ," ಅಂದ್ಲು ಅಕ್ಕ. "ಇನ್ನ ಮ್ಯಾಲೂ ಬರೂದಿಲ್ಲ ಅಂತನ ತಿಳಕೊ. ಅವ್ವ ಇದ್ದಾಗ ಅದು ತವರ. ಈಗ ಅದು ನಿನ್ನ ಹೆಂಡತಿ ಮನಿ. ಈ ಕಾಲ ತಗೊಂಡ ಮಂದಿ ಮನ್ಯಾಗ ಬಂದ ಬೀಳ್ಲೇನ?"

ಆಂಬುಲೆನ್ಸ್ ತರ್ತೇನಿ ಅಂದೆ. "ನಮ್ಮ ಓಣ್ಯಾಗ ಆಂಬುಲೆನ್ಸ್ ಬಂದ್ರ ಮಂದಿ ಮೊದಲ ಅಳಾಕ ಚಾಲೂ ಮಾಡ್ತಾರ, ಆಮ್ಯಾಲ ಯಾರು ಅಂತ ಕೇಳ್ತಾರ. ಬ್ಯಾಡ," ಅಂದು ಫೋನ್ ಇಟ್ಲು.

ನನಗ ಸಿಟ್ಟ ಬಂತು. ಸಿಟ್ಟಿಗಿಂತ ಅಂಜಿಕಿ ಹೆಚ್ಚಿತ್ತು. ಅವ್ವ ಹೋದಾಗ ಮನಿ ಅರ್ಧ ಖಾಲಿ ಆಗಿತ್ತು. ಅಕ್ಕ ಬರೂದೂ ನಿಂತ್ರ ನಾ ಗಿರಣಿ, ನನ್ನ ಹೆಂಡತಿ ಒಲಿ, ಅಷ್ಟ ಉಳೀತಿತ್ತು. ಹೊರಗ ಬಂದ ನೋಡಿದೆ, ಉದ್ದನ ಗಾಡಿ ನಿಂತಿತ್ತು. ಒಳಗ ಹೋಗಿ ಪಾನಾ ತಗೊಂಡ ಬಂದೆ.

ಮೊದಲ ಹಿಂದಿನ ಸೀಟ ಬಿಚ್ಚಬೇಕಿತ್ತು. ಬೋಲ್ಟು ಜಂಗ ಹಿಡದು ನೆಲಕ್ಕ ಕಚ್ಚಿ ಕುಂತಿದ್ವು. ರಾತ್ರಿ ಘಾಸಲೇಟ್ ಎಣ್ಣಿ ಸುರದೆ, ಮುಂಜಾನೆ ಬಡದೆ, ಬೈದೆ. ಬೈದ ಮ್ಯಾಲ ಬಂದ್ವು. ಸೀಟ ತಗದು ಗಿರಣ್ಯಾಗ ಇಟ್ಟೆ. ಹಿಟ್ಟ ಬೀಸಾಕ ಬಂದವರು ಅದರ ಮ್ಯಾಲ ಕುಂತು ಏಳವಲ್ರು, ಅದು ಬ್ಯಾರೆ ತ್ರಾಸ. ಸೀಟಿನ ಜಾಗಾಕ್ಕ ಪ್ಲೈವುಡ್ ಹಾಸಿ, ಮುಂದಿನ ಸೀಟಿನ ಬೆನ್ನ ಮಟ ಒಯ್ದು, ಬೋಲ್ಟ್ ಹಾಕಿ ಬಿಗದು, ಮ್ಯಾಲ ಒಂದ ಗಾದಿ ಹಾಸಿದೆ. ಇದರಿಂದ ಮುಂದಿನ ಸೀಟು ಹಿಂದಕ್ಕ ಸರಿಯೂದು ನಿಂತ ಹೋತು. ನನ್ನ ಮೊಳಕಾಲು ಸ್ಟೇರಿಂಗಿಗೆ ಹತ್ತತಿದ್ವು. ಅಕ್ಕನ ಕಾಲಿನ ಮುಂದ ನನ್ನ ಮೊಳಕಾಲೇನ ದೊಡ್ಡದಲ್ಲ ಅಂತ ಬಿಟ್ಟೆ.

ಹಿಂದಿನ ಸ್ಪ್ರಿಂಗು ಕುಸದ ಹೋಗಿದ್ವು. ಗೋಕಾಕದ ಗುಜರಿ ಅಂಗಡಿ ಚಾಚಾನ ಕಡೆ ಹೋದೆ. "ಈ ಗಾಡಿ ಸ್ಪ್ರಿಂಗು ನಮ್ಮಪ್ಪನ ಕಾಲಕ್ಕ ಮುಗದಾವ್ರಿ," ಅಂದು ಆತ ಯಾವುದೋ ಬ್ಯಾರೆ ಗಾಡಿವು ಕೊಟ್ಟ. ಸ್ವಲ್ಪ ಎತ್ತರ ಆಗ್ತಾವ ಅಂದ. ಹಾಕಿ ನೋಡಿದ್ರ ಗಾಡಿ ಮೂಗು ನೆಲಕ್ಕ, ಕುಂಡಿ ಆಕಾಶಕ್ಕ. ಹೆಡ್‌ಲೈಟು ರಸ್ತಾ ತೋರಸೂದು ಬಿಟ್ಟು ಬಂಪರ್ ಮುಂದಿನ ನೆಲಾ ಅಷ್ಟ ತೋರಸಾಕ ಹತ್ತಿದ್ವು. ನಾ ಹಗಲಿ ಹೋಗಿ ಹಗಲಿ ಬರಾವ, ಲೈಟ್ ಯಾತಕ್ಕ ಬೇಕು?

ಸೈಲೆನ್ಸರ್ ತೂತಿಗೆ ಎಣ್ಣಿ ಡಬ್ಬಿ ತಗಡ ಕತ್ತರಿಸಿ ತಂತಿ ಬಿಗದೆ. ಗಾಳಿಗೆ ಒಂದ ಸಣ್ಣ ಪಂಖಾ ಬ್ಯಾಟರಿಗೆ ಜೋಡಿಸಿದೆ. ಹಾಸಿಗಿ ಮ್ಯಾಲ ಎರಡ ಜ್ವಾಳದ ಚೀಲಾ ಹಾಕಿ ಕಲ್ಲೋಳಿ ಮಟ ಹೋಗಿ ಬಂದೆ, ಪರೀಕ್ಷಾ ನೋಡಾಕ. ತಿರವಿನ್ಯಾಗ ಚೀಲ ಉರುಳಿ ಬಾಗಿಲಕ್ಕ ಬಡದ್ವು. ಚೀಲದ ಜಾಗಾದಾಗ ಅಕ್ಕನ್ನ ನೆನಸಿ, ಉಳದ ದಾರಿ ಸಾವಕಾಶ ಹೊಡದೆ. ಮನಿಗೆ ಬಂದು ಹಳೇ ಮಂಚದ ಪಟ್ಟಿ ಬಿಚ್ಚಿ ಉರುಳದಂಗ ತಡ್ಯಾಕ ಎರಡೂ ಬಾಜೂ ಕಟಾಂಜನ ಮಾಡಿದೆ.

ಕಡೀಕ ಹೆಂಡತಿನ್ನ ಕರದು, ಒಮ್ಮೆ ಮಲಗಿ ನೋಡು ಅಂದೆ. ಆಕಿ ಹತ್ತಿ, ಸೀರಿ ಸರಿ ಮಾಡ್ಕೊಂಡು, ಎದಿ ಮ್ಯಾಲ ಕೈ ಇಟ್ಕೊಂಡ ಮಲಗಿದ್ಲು. ಮ್ಯಾಲ ನೋಡಿದ್ಲು. "ರೀ, ಇದು ಸರಿ ಕಾಣೂದಿಲ್ಲ," ಅಂದ್ಲು. ಗಾದಿ ಒರಟ ಆಗಿರಬೇಕು ಅಂತ ತಿಳಕೊಂಡೆ ನಾ. ಆಕಿ ಇಳದ ಹೋಗಿ, ಚಳಿಗಾಲಕ್ಕಂತ ಹೊಲಿದ ಇಟ್ಟಿದ್ದ ಹೊಸಾ ಕೌದಿ ತಂದ ಹಾಸಿದ್ಲು. "ಖರೇನ ಬರ್ತಾರೇನ್ರಿ ಅಕ್ಕಾರು?" ಅಂತ ಕೇಳಿದ್ಲು. ಬರದ ಏನ ಮಾಡ್ತಾಳ ಅಂದೆ.

ಹಬ್ಬದ ಮುಂದ ಗಿರಣ್ಯಾಗ ಅಳ್ಳಿಟ್ಟ ಬೀಸೂ ಮಂದಿ ಸಾಲ ಹಚ್ಚಿದ್ರು. ನಾಳೆ ಬರ್ತೇನಂತ ಹುಕ್ಕೇರಿಗೆ ಫೋನ್ ಹಚ್ಚಿ ಹೇಳಿ, ಗಿರಣಿಗೆ ಕೀಲಿ ಜಡದೆ. ಮಂದಿ ಬೈದ್ರು. ಮುಂಜಾನೆ ಹೊಂಟು ಹುಕ್ಕೇರಿ ಮುಟ್ಟೂದ್ರಾಗ ಬಿಸಲ ಏರಿತ್ತು. ಕುಂಡಿ ಎತ್ತಿದ ಗಾಡಿ ಓಣ್ಯಾಗ ಬಂದದ್ದ ನೋಡಿ ಮಂದಿ ಕಟ್ಟಿ ಬಿಟ್ಟ ಎದ್ದ ಬಂದ್ರು.

ಅಕ್ಕ ಬಾಗಲದಾಗ ವಾಕರ್ ಹಿಡದ ನಿಂತಿದ್ಲು, ಇಳಕಲ್ ಸೀರಿ ಉಟ್ಕೊಂಡು. ಬರೂದಿಲ್ಲ ಅಂದಾಕಿ ತಯಾರಾಗಿ ನಿಂತಾಳ ಅಂತ ನನಗ ಸಂತೋಷ ಆತು. ಹಿಂದ ಅಕ್ಕನ ಗಂಡ, ನಮ್ಮ ಮಾಮಾ, ಚೀಲಾ ಹಿಡಕೊಂಡ ನಿಂತಿದ್ರು. ನಾ ಹಿಂದಿನ ಬಾಗಿಲಾ ಎತ್ತಿ, ಬಡಗಿ ಕೊಟ್ಟು, ಬಾಜೂಕ ಸರದ ನಿಂತೆ.

"ಏನೋ ಇದು?"

"ನಿನ್ನ ಹಾಸಿಗಿ ಅಕ್ಕಾ. ಕಾಲ ಚಾಚಿ ಆರಾಮ ಮಲಕ್ಕೊಂಡ ಬಾ."

"ಮಲಕ್ಕೊಂಡ?" ಅಕ್ಕ ಗಾದಿ ನೋಡಿದ್ಲು, ಕಟಾಂಜನ ನೋಡಿದ್ಲು, ನನ್ನ ಮಾರಿ ನೋಡಿದ್ಲು. "ಲೇ ಹುಚ್ಚಪ್ಯಾಲಿ, ನಮ್ಮ ಮಂದ್ಯಾಗ ಸತ್ತವರನ್ನ ಸೈತ ಕುಂದರಿಸಿ ಒಯ್ತಾರ. ನಾ ಇನ್ನೂ ಉಸರಾಡಾಕತ್ತೇನಿ. ನನ್ನ ಅಡ್ಡ ಕೆಡವಿಕೊಂಡ ಒಯ್ತೀಯೇನ?"

ಓಣಿ ಮಂದಿ ನಕ್ರು. ನಗಲಿ, ಮಾತ ಖರೇನ ಇತ್ತು. ನಮ್ಮಲ್ಲಿ ಹೋದವರಿಗೆ ಈಬತ್ತಿ ಹಚ್ಚಿ, ಹೂವಿನ ವಿಮಾನದಾಗ ಕುಂದರಿಸಿ ಮೆರವಣಿಗಿ ಮಾಡ್ತಾರ, ಕುಂತಂಗನ ಮಣ್ಣ ಕೊಡ್ತಾರ. ಎಷ್ಟ ವಿಮಾನಕ್ಕ ಹೆಗಲ ಕೊಟ್ಟಾವ ನಾನು. ಅವ್ವನೂ ಹಂಗ ಕುಂತ ಹೋದಾಕಿ. ಇಷ್ಟ ದಿನ ಗಾಡಿ ಕೆಳಗ ಬಿದ್ದ ಹೊಳ್ಳಾಡಿದೆ, ಇದೊಂದ ತಲ್ಯಾಗ ಬರಲಿಲ್ಲ.

"ಉಂಡ ಹೋಗು," ಅಂದ್ಲು ಅಕ್ಕ. "ಗಾಡಿ ತಗೊಂಡ ಹೋಗು."

ನನಗೂ ತಡೀಲಿಲ್ಲ. "ಬರಾಕ ಮನಸಿಲ್ಲಂದ್ರ ಇಲ್ಲ ಅನ್ನು. ಗಾದಿ ಮ್ಯಾಲ ಯಾಕ ಹಾಕ್ತಿ?" ಅಂದೆ, ಮಂದಿ ಮುಂದನ.

ಅಕ್ಕ ವಾಕರ್ ಮ್ಯಾಲ ಬಾಗಿದ್ಲು. "ಮನಸ ಐತೋ. ನಸಿಕಿನ್ಯಾಗ ಎದ್ದ ಸೀರಿ ಉಟ್ಟೇನಿ," ಅಂದ್ಲು ಸಣ್ಣ ದನಿಲೆ. "ಅಲ್ಲಿ ಬಂದ್ರ ಇನ್ನ ನನಗ ಯಾರ ಅದಾರ ಅಂತ ಅಂಜಿಕಿ." ನಾ ಇಲ್ಲೇನ ಅಂತ ಕೇಳಬೇಕಿತ್ತು, ಕೇಳಲಿಲ್ಲ. ತಮ್ಮ ಇದ್ದದ್ದು ಬ್ಯಾರೆ, ತವರ ಇದ್ದದ್ದು ಬ್ಯಾರೆ, ಅದು ನನಗೂ ಗೊತ್ತಿತ್ತು.

ನಮ್ಮ ಮಾಮಾ ಮಾತ ಕಡಿಮಿ. ಚೀಲಾ ಕೆಳಗಿಟ್ಟು, "ಹಂಗಾದ್ರ ಕುಂದರಸ್ರಲಾ," ಅಂದ್ರು.

ಕುಂದರಿಸಿದ್ವಿ. ಹಾಸಿಗಿ ಮ್ಯಾಲನ, ಮುಂದಿನ ಸೀಟಿಗೆ ಬೆನ್ನ ಕೊಟ್ಟು, ಕಾಲ ಚಾಚಿಸಿ, ಎರಡೂ ಬಾಜೂ ಕಟಾಂಜನ ಹಿಡಿಸಿ. ಮುಖಾ ಹಿಂದಿನ ಗ್ಲಾಸಿನ ಕಡೆ. ಮಾಮಾ ಚೀಲಾ ಒಳಗಿಟ್ಟು ಬಾಗಲದಾಗ ಉಳದ್ರು. ನಾ ಮುಂದ ನೋಡಕೋತ ಹೊಂಟೆ, ಅಕ್ಕ ಹಿಂದ ನೋಡಕೋತ ಹೊಂಟ್ಲು. ಕನ್ನಡ್ಯಾಗ ನನಗ ರಸ್ತಾ ಕಾಣತಿರಲಿಲ್ಲ, ಅಕ್ಕನ ತುರುಬ ಅಷ್ಟ ಕಾಣತಿತ್ತು.

ಘಟಪ್ರಭಾ ದಾಟೂದ್ರಾಗ ಹಿಂದ ಬರೂ ಮೋಟಾರ್‌ಸೈಕಲ್ ಮಂದೀದೆಲ್ಲಾ ಆಕಿಗೆ ಗುರುತಾಗಿತ್ತು. "ಆ ಕೆಂಪ ಅಂಗಿಯಾವ ಫೋನ್ಯಾಗ ಮಾತಾಡಕೋತ ಗಾಡಿ ಹೊಡ್ಯಾಕತ್ತಾನ, ಕೈ ಮಾಡಿ ಬೈದೆ, ಫೋನ್ ಕಿಸೆದಾಗ ಇಟ್ಟ," ಅಂದ್ಲು. ಕೊಣ್ಣೂರ ಬಂದಾಗ ಸೈಲೆನ್ಸರಿಗೆ ಬಿಗದ ನನ್ನ ತಗಡ ಕಿತ್ತ ಹೋಗಿ ಹೊಗಿ ಒಳಗ ಬಂತು. "ನಿನ್ನ ಗಾಡಿ ಬೀಡಿ ಸೇದತೈತೋ," ಅಂದ್ಲು. ಎಲ್ಲಾ ಕಿಟಕಿ ತಗದ್ವಿ, ಬೆಣಿ ಬಡದದ್ದ ಒಂದ ಬಿಟ್ಟು. ಕಲ್ಲೋಳಿ ಸ್ಪೀಡ್ ಬ್ರೇಕರಿಗೆ ಗಾಡಿ ಜಿಗದು ಪಂಖಾ ಆಕಿ ತೊಡಿ ಮ್ಯಾಲ ಬಿತ್ತು, ರಾಡ ಇಲ್ಲದ ತೊಡಿ ಮ್ಯಾಲ. ಅಲ್ಲಿಂದ ಮನಿ ಮಟ ಪಂಖಾನ ಕೈಯಾಗ ಹಿಡಕೊಂಡ ಕುಂತ್ಲು.

"ಬರ್ರಿ ಅಕ್ಕಾರ," ಅಂದ್ಲು ನನ್ನ ಹೆಂಡತಿ. "ಬಂದ್ನಿವಾ," ಅಂದ್ಲು ಅಕ್ಕ. ಈ ಇಬ್ಬರೂ ಎಂದೂ ಜಗಳ ಆಡಿದವರಲ್ಲ. ಜಗಳ ಆಡಾಕ ಸಲಿಗಿ ಬೇಕು. ಇಷ್ಟ ವರ್ಷ ಇಬ್ಬರೂ ಅವ್ವನ ಕೂಡ ಮಾತಾಡಿದ್ರು, ಒಬ್ಬರ ಮಾತ ಇನ್ನೊಬ್ಬರಿಗೆ ಅವ್ವ ಮುಟ್ಟಿಸ್ತಿದ್ಲು. ಈಗ ನಡುವ ಆ ಜಾಗಾ ಖಾಲಿ. ಇಬ್ಬರೂ ಶೇಂಗಾ ಉಂಡಿ ಕಟಗೋತ, ಪಾಕ ಗಟ್ಟಿ ಆತಲ್ರಿ, ಇಲ್ಲವಾ ಬರೋಬ್ಬರಿ ಆಗೇತಿ, ಇಷ್ಟ ಮಾತಾಡಿದ್ರು. ಮರದಿನಾ ಹಾಲ ಎರದ್ವಿ, ಉಂಡಿ ತಿಂದ್ವಿ. ಸಂಜಿಮುಂದ ಅಕ್ಕ ನನ್ನ ಕರದು, "ನಾಳೆ ಬಿಟ್ಟ ಬಾ," ಅಂದ್ಲು. ಅವ್ವ ಇದ್ದಾಗ ಹುಣ್ಣಿವಿ ಮಟ ಅಲ್ಲಾಡದಾಕಿ. ಇನ್ನೂ ನಾಕ ದಿನ ಇರು ಅಂದೆ. "ಹಬ್ಬಕ್ಕ ಬಂದೆ, ಹಬ್ಬ ಆತು. ಭಾಳ ದಿನ ಇದ್ರ ಮಂದಿಗೆ ಭಾರ," ಅಂದ್ಲು. ನನ್ನ ಹೆಂಡತಿ ಒಳಗ ರೊಟ್ಟಿ ಬಡ್ಯಾಕತ್ತಿದ್ಲು. ಬಡಿಯೂ ಸಪ್ಪಳ ಒಂದೀಟ ನಿಂತು ಮತ್ತ ಚಾಲೂ ಆತು.

ಮುಂಜಾನೆ ಆಕಿ ಅಕ್ಕಗ ಉಡಿ ತುಂಬಿದ್ಲು, ಬುತ್ತಿ ಕಟ್ಟಿದ್ಲು. ಅಕ್ಕನ್ನ ಹತ್ತಿಸಿ, ಕಾಲ ಚಾಚಿಸಿ, ಹಿಂದಿನ ಬಾಗಿಲಾ ಹಾಕಿದೆ. ಗಾಡಿ ಚಾಲೂ ಮಾಡಿ ಓಣಿ ಕಡೀತನಕ ಹೋಗಿ ತಿರುವಬೇಕು ಅನ್ನೂದ್ರಾಗ ಹಿಂದಿನಿಂದ ದನಿ ಬಂತು.

"ನಿಂದರ್ಸೋ."

ಬ್ರೇಕ್ ಒತ್ತಿದೆ. ಈ ಸಲ ಏನ ಕಿತ್ತ ಹೋತೋ ಅನ್ಕೊಂಡೆ. "ಯಾಕ ಅಕ್ಕಾ?"

"ನಿನ್ನ ಹೆಂಡತಿ ಇನ್ನೂ ರಸ್ತಾದಾಗ ನಿಂತಾಳ. ಒಳಗ ಹೋಗವಲ್ಲಳು." ಕಟಾಂಜನ ಹಿಡದ ಗ್ಲಾಸಿನ ಕಡೆ ಬಾಗಿದ್ಲು. "ಸೆರಗಲೆ ಕಣ್ಣ ಒರಸಾಕತ್ತಾಳೋ."

"ಹಿಟ್ಟಿನ ಮನಿ ಅಕ್ಕಾ. ಕಣ್ಣಾಗ ಏನರೆ ಬಿದ್ದಿರಬೇಕು."

"ನೀ ಬಾಯಿ ಮುಚ್ಚು. ಬಸ್ಸಿನ್ಯಾಗ ಹೋದಾಗೆಲ್ಲಾ ನಾ ಮುಂದ ನೋಡಕೋತ ಹೋದಾಕಿ. ಹಿಂದ ಯಾರ ನಿಂದರ್ತಾರ ಅಂತ ನನಗೇನ ಗೊತ್ತು?" ಮೂಗ ಏರಸೂ ಸಪ್ಪಳ ಬಂತು. "ಹಿಂದಕ್ಕ ತಗಿ."

ಕನ್ನಡ್ಯಾಗ ತುರುಬ ಬಿಟ್ಟ ಏನೂ ಕಾಣತಿರಲಿಲ್ಲ. ಅಕ್ಕ ಎಡಕ್ಕ, ಬಲಕ್ಕ ಅಂತ ಹೇಳಿದ್ಲು, ನಾ ಹಂಗ ತಗೊಂಡೆ. ಮನಿ ಮುಂದ ಬಂದ್ವಿ. ನನ್ನ ಹೆಂಡತಿ ಓಡಿ ಬಂದು ಹಿಂದಿನ ಬಾಗಿಲಾ ಎತ್ತಿ ತಲಿ ಮ್ಯಾಲ ಹಿಡದ್ಲು.

"ಏನ ಮರತ್ರಿ ಅಕ್ಕಾರ?"

"ಏನಿಲ್ಲವಾ," ಅಂದ್ಲು ಅಕ್ಕ. "ಹುಣ್ಣಿವಿ ಮಟ ಇರಲೇನ ಅಂತ. ನಿನಗ ತ್ರಾಸ ಆಗೂದಿಲ್ಲಲಾ?"

ನನ್ನ ಹೆಂಡತಿ ಒಂದ ಕೈಲೆ ಬಾಗಿಲಾ ಹಿಡದು, ಇನ್ನೊಂದ ಕೈಲೆ ಅಕ್ಕನ ಚೀಲಾ ಜಗ್ಗಾಕ ಹತ್ತಿದ್ಲು. "ತವರಮನಿಗೆ ಬಂದು ಯಾರನ್ನ ಕೇಳಾಕತ್ತೀರಿ ಅಕ್ಕಾರ? ಇಳೀರಿ, ಕೈ ಸೋಲಾಕತ್ತೈತಿ," ಅಂದ್ಲು.