ನೀಲಿ ಮನುಷ್ಯನ ಮುಖ

ಸತ್ತಿ ಗ್ರಾಮದ ರಾಜಮತಿಯ ಮುಂದೆ ಎರಡು ವಿಷಯಗಳಲ್ಲಿ ಊರು ಎದುರಾಡುತ್ತಿರಲಿಲ್ಲ. ಒಂದು ಚಿತ್ರ ಬಿಡಿಸುವುದು, ಇನ್ನೊಂದು ಸಿಟ್ಟು. ಎರಡನ್ನೂ ನಿಪ್ಪಾಣಿಯ ತವರಿನಿಂದಲೇ ತಂದಿದ್ದಳು. ಮಕ್ಕಳಿರಲಿಲ್ಲ. ಮೈದುನ ಭೀಮಸಿಯ ಮಗಳು ಬ್ರಾಹ್ಮಿಯನ್ನು ಎತ್ತಿ ಆಡಿಸಿದವಳು ಇವಳೇ. ಆ ಹುಡುಗಿ ಉಣ್ಣುತ್ತಿದ್ದುದು ಅಪ್ಪನ ಮನೆಯಲ್ಲಾದರೆ, ಮಲಗುತ್ತಿದ್ದುದು ದೊಡ್ಡವ್ವನ ಮಗ್ಗುಲಲ್ಲಿ.

ಭಾನುವಾರ ಬಸದಿಯ ಪಾಠಶಾಲೆಯಲ್ಲಿ ಊರಿನ ಜೈನರ ಮಕ್ಕಳಿಗೆ ಪಾಠ ಹೇಳುವವಳೂ ರಾಜಮತಿಯೇ. ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಲೇಶ್ಯೆಯ ಕಥೆ. ಮನಸ್ಸಿನ ಗುಣಕ್ಕೆ ತಕ್ಕಂತೆ ಜೀವಕ್ಕೆ ಬಣ್ಣ ಹತ್ತುತ್ತದೆ, ಅದೇ ಲೇಶ್ಯೆ. ಹಸಿದ ಆರು ಮಂದಿ ನೇರಳೆ ಮರದ ಹತ್ತಿರ ಬರುತ್ತಾರೆ. ಕಪ್ಪು ಬಣ್ಣದವನು ಬುಡಸಮೇತ ಕಿತ್ತುಬಿಡೋಣ ಎನ್ನುತ್ತಾನೆ. ನೀಲಿಯವನು ಬೇರು ಇರಲಿ, ಕಾಂಡ ಕಡಿಯೋಣ ಎನ್ನುತ್ತಾನೆ. ಹೀಗೆ ಬಣ್ಣ ತಿಳಿಯಾಗುತ್ತ ಹೋಗಿ, ಕೊನೆಯ ಬಿಳಿಯವನು ನೆಲಕ್ಕೆ ಬಿದ್ದ ಹಣ್ಣನ್ನಷ್ಟೇ ಆರಿಸಿಕೊಳ್ಳುತ್ತಾನೆ. ನೀಲಿಯೆಂದರೆ ನವಿಲಿನ ಕೊರಳಿನ ಬಣ್ಣ, ನೋಡಲು ಚೆಂದ, ಒಳಗೆ ಮಾತ್ರ ಹೊಟ್ಟೆಕಿಚ್ಚು ಮತ್ತು ಕಪಟ ಎಂದು ರಾಜಮತಿ ಬಿಡಿಸಿ ಹೇಳುತ್ತಿದ್ದಳು.

ರಾಜಮತಿಯ ಗಂಡನೂ ಭೀಮಸಿಯೂ ಹೊಲ ಪಾಲು ಮಾಡಿಕೊಂಡಾಗ ಬದುವಿನ ಮೇಲಿನ ನೇರಳೆ ಮರ ಭೀಮಸಿಯ ಪಾಲಿಗೆ ಹೋಯಿತು. ಅದರ ಹಣ್ಣನ್ನು ಬುಟ್ಟಿಗಟ್ಟಲೆ ಓಣಿಗೆಲ್ಲ ಹಂಚುತ್ತಿದ್ದ ಕೈ ರಾಜಮತಿಯದು. ಒಂದು ಬೇಸಿಗೆಯಲ್ಲಿ ಹೊಲಕ್ಕೆ ಹೋದರೆ ಮರವೇ ಇಲ್ಲ. ಭೀಮಸಿ ಕಡಿಸಿಹಾಕಿದ್ದ. ಅಂದಿನಿಂದ ಮೈದುನನೊಂದಿಗೆ ಮಾತು ಬಿಟ್ಟಳು. ಯಾಕೆ ಕಡಿಸಿದೆಯೆಂದು ಕೇಳಲೂ ಇಲ್ಲ. ಕೇಳಿದರೆ ಎಲ್ಲಿ ಸಿಟ್ಟು ಇಳಿದುಹೋದೀತೋ ಎಂಬ ಭಯವಿದ್ದಿರಬೇಕು ಪುಣ್ಯಾತ್ಗಿತ್ತಿಗೆ!

ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಹತ್ತಿರ ಬಂದಾಗ ಬಸದಿಯ ಪಂಚರು ಪಾಠಶಾಲೆಯ ಗೋಡೆಗೆ ಲೇಶ್ಯೆಯ ಮರ ಬರೆಯಲು ಹೇಳಿದರು. ರಾಜಮತಿ ಸುಣ್ಣದಲ್ಲಿ ಬಟ್ಟೆಗೆ ಹಾಕುವ ನೀಲಿ ಕಲಸಿ, ಕೊಡಲಿ ಎತ್ತಿದ ಆ ಎರಡನೆಯವನನ್ನು ಬರೆದಳು. ಇಳಿಬಿದ್ದ ಮೀಸೆ, ಒಂದು ಕಡೆ ವಾಲಿದ ಹೆಗಲು, ತಲೆಗೆ ಸುತ್ತಿದ ಟವೆಲ್ಲು. ಬರೆಯುವಾಗ ಕೈ ತಡೆಯಲಿಲ್ಲ, ಸುಳ್ಳೇಕೆ, ಖುಷಿಯೂ ಆಯಿತು. ಬಸದಿಗೆ ಬಂದವರು ನಕ್ಕರು. “ಅಯ್ಯ, ಇಂವ ನಮ್ಮ ಭೀಮಸಿ ಅಲ್ಲೇನ!” ಎಂದು ಓಣಿಯ ಕಮಲಾಬಾಯಿ ಬಾಯಿಗೆ ಸೆರಗು ಹಿಡಿದಳು. “ನಾ ಏನ ಹೆಸರ ಬರದೇನೇನು?” ಎಂದು ರಾಜಮತಿ ಕುಂಚ ತೊಳೆಯತೊಡಗಿದಳು. ವಾರ ಕಳೆಯುವುದರೊಳಗೆ ಊರ ಹುಡುಗರ ಬಾಯಲ್ಲಿ ಭೀಮಸಿ ನೀಲಿ ಕಾಕಾ ಆಗಿದ್ದ.

ಅದು ರಾಜಮತಿಯ ಗಂಡ ಪಾಯಪ್ಪನ ಕಿವಿಗೂ ಬಿತ್ತು. ಊಟಕ್ಕೆ ಕುಳಿತವನು ತುತ್ತು ಎತ್ತಲಿಲ್ಲ.

“ಆ ಗಿಡಾ ಕಡೀ ಅಂದಾಂವ ನಾನ. ನೆರಳ ಬೀಳತಿದ್ದದ್ದು ನಮ್ಮ ಕಬ್ಬಿಗೆ. ನಿನಗ ಅಂಜಿ ಹೇಳಲಿಲ್ಲ. ವೈನಿ ಬೈದ್ರ ನನಗ ಬೈಲಿ, ನೀ ಸುಮ್ಮನಿರಣ್ಣಾ ಅಂದ ಭೀಮಸಿ.”

 ರಾಜಮತಿ ಆಗಲೇ ಎದ್ದುಹೋಗಿ ಗೋಡೆಗೆ ಸುಣ್ಣ ಬಳಿಯಬಹುದಿತ್ತು. ಆದರೆ ಬಳಿದರೆ ಯಾರ ಮುಖ ಬರೆದಿದ್ದೆನೆಂದು ತಾನೇ ಒಪ್ಪಿಕೊಂಡಂತೆ. ಇಷ್ಟು ದಿನ ಜಂಬದಿಂದ ಓಡಾಡಿದವಳಿಗೆ ಅದು ಆಗಲಿಲ್ಲ. ನಾಚಿಕೆಯನ್ನು ನುಂಗಿಕೊಂಡು ಗೋಡೆಯನ್ನು ಹಾಗೇ ಬಿಟ್ಟಳು.

ಮುಂದಿನ ಭಾನುವಾರ ವಾಡಿಕೆಯಂತೆ ಮಕ್ಕಳನ್ನು ಕೇಳಿದಳು, “ಯಾರ್‍ಯಾರ ಬಣ್ಣ ಯಾವುದು ಹೇಳ್ರಿ ನೋಡೂನು.” ಬಿಳಿ, ಬಿಳಿ ಎಂದು ಎಲ್ಲರೂ ಕೂಗಿದರು. ಬ್ರಾಹ್ಮಿ ಒಬ್ಬಳೇ ಗೋಡೆ ನೋಡುತ್ತ ಕುಳಿತಿದ್ದಳು.

“ನಿಂದ ಯಾವುದ ಕೂಸ?”

“ನಂದು ನೀಲಿನ ಇರಬೇಕ ದೊಡ್ಡವ್ವ. ನಾ ನಮ್ಮಪ್ಪನ ಮಗಳಲ್ಲೇನ?”

ಯಾರೋ ಕಿಸಕ್ಕೆಂದರು. ಬ್ರಾಹ್ಮಿ ಎದ್ದು ಹೊರಗೆ ಹೋದಳು. ಅಂದು ರಾತ್ರಿ ದೊಡ್ಡವ್ವನ ಮನೆಗೆ ಮಲಗಲು ಬರಲಿಲ್ಲ, ಮರುದಿನವೂ ಬರಲಿಲ್ಲ. ಖಾಲಿ ಹಾಸಿಗೆಯ ಪಕ್ಕ ರಾಜಮತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆ ಹುಡುಗಿ ತನ್ನ ಅಪ್ಪನ ಬಗ್ಗೆ ನಾಚಿಕೊಳ್ಳುವಂತೆ ತಾನೇ ಮಾಡಿದ್ದಳಲ್ಲ, ಅದೂ ಎತ್ತಿ ಆಡಿಸಿದ ಕೈಯಿಂದಲೇ.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ಅಂದು ಬಸದಿಯಲ್ಲಿ ಒಬ್ಬರಿಗೊಬ್ಬರು ಕೈಮುಗಿದು ‘ಉತ್ತಮ ಕ್ಷಮಾ’ ಎಂದು ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಾರೆ. ಕೇಳುವುದು ಸುಲಭ, ತಪ್ಪು ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ರಾಜಮತಿ ತುಂಬಿದ ಅಂಗಳದಲ್ಲಿ ಎದ್ದು ನಿಂತಳು. 

“ಗ್ವಾಡಿ ಮ್ಯಾಲಿನ ನೀಲಿ ಮನಷ್ಯಾಗ ನಾ ಬೇಕಂತನ ಭೀಮಸಿ ಮುಖಾ ಬರದೆ. ಗಿಡಾ ಕಡೀ ಅಂದಾವ್ರು ನಮ್ಮ ಮನ್ಯಾವ್ರು. ಅದು ಗೊತ್ತಾದ ಮ್ಯಾಲೂ ನಾ ಅಳಸಲಿಲ್ಲ. ಆ ಬಣ್ಣ ನಂದು.”

 ಭೀಮಸಿಯೇ ಮುಂದೆ ಬಂದ. “ಬಿಡ್ರಿ ವೈನಿ, ಇಷ್ಟ ಮಂದ್ಯಾಗ ಯಾಕ. ಉತ್ತಮ ಕ್ಷಮಾ.” ಅವನ ದನಿಯಲ್ಲಿ ಕಹಿಯಿರಲಿಲ್ಲ. ಅವಳಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಆಮೇಲೆ ಬ್ರಾಹ್ಮಿಯ ಮುಂದೆ ಮೊಣಕಾಲೂರಿ ಕೈಮುಗಿದಳು. ಹುಡುಗಿ ಅಪ್ಪನ ಮುಖ ನೋಡಿದಳು. ಅವನು ತಲೆಯಾಡಿಸಿದ. ಆಗ ಅವಳೂ ಪಾಠಶಾಲೆಯಲ್ಲಿ ಕಲಿಸಿದಂತೆ ಚೊಕ್ಕವಾಗಿ ಕೈಮುಗಿದು, ಬೇರೆ ಊರಿನಿಂದ ಬಂದ ಹೆಂಗಸರಿಗೆ ಅನ್ನುವ ಹಾಗೆ ಅಂದಳು.

“ಉತ್ತಮ ಕ್ಷಮಾ ರೀ.”

ದೊಡ್ಡವ್ವ ಎನ್ನಲಿಲ್ಲ.