ಸೋಮವಾರದ ಒಪ್ಪೊತ್ತು

ನನ್ನ ಹೆಸರಲ್ಲಿ ಅಚ್ಚಾದ ಪ್ರಬಂಧಗಳನ್ನು ಯಾರು ಯಾರು ಓದಿದ್ದಾರೋ ನನಗೆ ಗೊತ್ತಿಲ್ಲ, ಪೂಜೆ ಮಾಡಿದವಳು ಮಾತ್ರ ಒಬ್ಬಳೇ. ಹೆಮ್ಮಿಗೆಯ ನಮ್ಮ ದೊಡ್ಡಮ್ಮ. ಕರುಳಿಗೂ ಮಿದುಳಿಗೂ ಇರುವ ನಂಟು, ಸಕ್ಕರೆ ಕಾಯಿಲೆಯಿಂದ ನೆನಪು ಕುಂದುವ ಬಗೆ, ಇಂಥವೇ ನನ್ನ ವಿಷಯಗಳು, ಪ್ರಯೋಗವೆಲ್ಲ ಇಲಿಗಳ ಮೇಲೆ. ಎಲ್ಲ ಇಂಗ್ಲಿಷು. ದೊಡ್ಡಮ್ಮನಿಗೆ ಅದರಲ್ಲಿ ಒಂದಕ್ಷರ ತಿಳಿಯದು. ಆದರೂ ಹೊಸದು ಅಚ್ಚಾದಾಗಲೆಲ್ಲ ಒಂದು ಪ್ರತಿ ತಂದುಕೊಡಲೇಬೇಕು. ಅದಕ್ಕೆ ಮೂರು ಬೆರಳಲ್ಲಿ ವಿಭೂತಿ ಬಳಿದು ದೇವರ ಗೂಡಿನಲ್ಲಿ ಇಡುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಕರೆತಂದು, ಎರಡು ಜಡೆ ಹೆಣೆದು, ತಿ. ನರಸೀಪುರದ ಹೈಸ್ಕೂಲಿಗೆ ಬಸ್ಸು ಹತ್ತಿಸಿದವಳು ಅವಳೇ, ಅಮ್ಮನ ಸ್ವಂತ ಅಕ್ಕ. ಬಾಯಿ ಬಲು ಜೋರು. ನನಗೂ ಅವಳದೇ ಬಾಯಿ ಬಂದಿದೆ ಎಂದು ಊರಿನವರು ಹೇಳುವುದುಂಟು.

“ಇಲಿ ಒಟ್ಟೆ ಕುಯ್ಯಾಕೆ ಇಷ್ಟೊಂದು ಓದ್ಬೇಕಿತ್ತೇನವ್ವ?” ಎಂದು ಕೆಣಕುತ್ತಿದ್ದಳು. “ಒಟ್ಟೆ ತಣ್ಣಗಿದ್ರೆ ತಲೆ ತಣ್ಣಗಿರ್ತದೆ. ನಂಗೂ ಬರೆಯಾಕೆ ಬಂದಿದ್ರೆ ನಂದೂ ಅಚ್ಚಾಗ್ತಿತ್ತು.”

ಅವಳಿಗೆ ಇದ್ದದ್ದು ಒಂದೇ ಭಯ. ಅವಳ ತಾಯಿ, ಅಂದರೆ ನನ್ನ ಅಜ್ಜಿ, ಕೊನೆಗಾಲದಲ್ಲಿ ಹೆತ್ತ ಮಕ್ಕಳನ್ನೇ “ಯಾವೂರವ್ವ ನಿಮ್ದು?” ಎಂದು ಕೇಳುತ್ತಿದ್ದಳು. ಅದನ್ನು ಕಣ್ಣಾರೆ ಕಂಡ ದೊಡ್ಡಮ್ಮ ಕೈಮುಗಿದಾಗಲೆಲ್ಲ ಬೇಡುತ್ತಿದ್ದದ್ದು ಒಂದನ್ನೇ: “ಕೈಕಾಲು ಬೇಕಾದ್ರೆ ಬಿದ್ದೋಗ್ಲಿ ನಂಜುಂಡ, ಮಕ್ಳ ಮೊಕ ಮಾತ್ರ ಮರೆಸ್ಬ್ಯಾಡ.”

ಸೋಮವಾರ ನಂಜುಂಡೇಶ್ವರನ ದಿನ. ಬೆಳಗಿನಿಂದ ಏನೂ ತಿನ್ನದೆ ಸಂಜೆ ಪೂಜೆಯಾದ ಮೇಲೆ ಒಂದೇ ಹೊತ್ತು ಉಣ್ಣುವ ಒಪ್ಪೊತ್ತನ್ನು ಮದುವೆಯಾದಂದಿನಿಂದ ನಡೆಸಿಕೊಂಡು ಬಂದಿದ್ದಳು. ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಇನ್ನು ಉಪವಾಸಗೀಪವಾಸ ಕೂಡದು ಎಂದರು. ಬಿಟ್ಟಳು. ಬಿಟ್ಟ ಮೇಲೆ ದೇವರಿಗೆ ಮುಖ ತೋರಿಸಲು ನಾಚಿಕೆಯಾಗುತ್ತದೆ ಎಂದು ಕೊರಗುತ್ತಲೇ ಇದ್ದಳು.

ಅಷ್ಟರಲ್ಲಿ ನಂಜನಗೂಡಿನ ಒಂದು ಸಭೆಯಲ್ಲಿ ನನಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ನೀವು ಬರೆದಿರುವುದನ್ನು ನಮಗೂ ತಿಳಿಯುವ ಹಾಗೆ ಹೇಳಿ ಎಂದರು. ಆಗಷ್ಟೇ ಅಚ್ಚಾಗಿದ್ದ ಪ್ರಬಂಧ ದಿನದ ಕೆಲವೇ ಗಂಟೆ ಉಂಡು ಉಳಿದ ಹೊತ್ತು ಉಪವಾಸವಿರುವುದರ ಬಗ್ಗೆ. ಇಲಿಗಳ ಮೇಲೆ ನಡೆದ ಕೆಲಸ, ಅದೂ ಇನ್ನೂ ಅರೆಬೆಂದದ್ದು. ಕನ್ನಡದಲ್ಲಿ ಹೇಳುವ ಹುರುಪಿನಲ್ಲಿ, “ನಮ್ಮ ಹಿರಿಯರ ಒಪ್ಪೊತ್ತು ಸುಮ್ಮನೆ ಬಂದದ್ದಲ್ಲ, ಮಿದುಳಿಗೂ ಒಳ್ಳೆಯದಿರಬಹುದು” ಎಂದೆ. ಅಬ್ಬಬ್ಬಾ, ಏನು ಚಪ್ಪಾಳೆ! ಇದಿನ್ನೂ ಇಲಿಗಳ ಮಾತು, ಸಕ್ಕರೆ ಮಾತ್ರೆ ನುಂಗುವವರು ಈ ಗೋಜಿಗೆ ಹೋಗಬೇಡಿ ಎಂದೂ ಸೇರಿಸಿದೆ. ಅದು ಯಾರ ಕಿವಿಗೆ ಬೀಳಬೇಕು? ಮುಂದಿನ ಸಾಲಿನಲ್ಲಿ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಕಾರಿನಲ್ಲಿ ಹಿಂತಿರುಗುವಾಗ ಮೆಲ್ಲಗೆ ಕೇಳಿದಳು, “ಅಂಗಾರೆ ಒಪ್ಪೊತ್ತಿದ್ರೆ ಮರೆವು ಬರಾಕಿಲ್ಲ ಅನ್ನು.”

“ನಿಂಗಲ್ಲ ದೊಡ್ಡಮ್ಮ! ಡಾಕ್ಟ್ರು ಬೇಡ ಅಂದಿಲ್ವಾ? ಮಾತ್ರೆ ಗೀತ್ರೆ ತಪ್ಪಿಸಿದ್ರೆ ನೋಡು ಮತ್ತೆ!” ಎಂದು ರೇಗಿದೆ.

“ಆಯ್ತು ಬುಡವ್ವ, ಯಾಕಿಂಗೆ ಮೇಲೆ ಬೀಳ್ತೀಯ” ಎಂದು ಕಿಟಕಿಯ ಕಡೆ ತಿರುಗಿಕೊಂಡಳು.

ಮಾತ್ರೆ ತಪ್ಪಿಸಲಿಲ್ಲ. ಅದೇ ಮುಳುವಾದದ್ದು. ಮುಂದಿನ ಸೋಮವಾರದಿಂದಲೇ ಒಪ್ಪೊತ್ತು ಮತ್ತೆ ಶುರುವಾಯಿತಂತೆ. ಬೆಳಗ್ಗೆ ಸ್ನಾನ, ಪೂಜೆ, ತೀರ್ಥ. ತೀರ್ಥದ ಜೊತೆಗೇ ಸಕ್ಕರೆ ಮಾತ್ರೆ. ಮಾತ್ರೆಯೇನು ಅನ್ನವೇ, ಒಪ್ಪೊತ್ತು ಕೆಡುವುದಕ್ಕೆ? ನುಂಗಿದ್ದರಿಂದ ಡಾಕ್ಟರ ಮಾತು ಮೀರಿದಂತಾಗಲಿಲ್ಲ, ದೇವರಿಗೂ ತಪ್ಪಲಿಲ್ಲ, ಮಗಳು ಬರೆದದ್ದಂತೂ ಇದ್ದೇ ಇತ್ತು. ಯಾರ ಮನಸ್ಸೂ ನೋಯದ ಹಾಗೆ ಒಂದು ದಾರಿ ಹುಡುಕಿಕೊಂಡಿದ್ದಳು. ಗಂಡ, ಅತ್ತೆ, ದೇವರು, ಎಲ್ಲರನ್ನೂ ಹೀಗೇ ಸಂಭಾಳಿಸಿ ಬದುಕಿದವಳು ಅವಳು. ಹೊಟ್ಟೆಗೆ ಏನೂ ಬೀಳದೆ ಆ ಮಾತ್ರೆ ಒಳಗೆ ಹೋದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಮಿದುಳಿಗೆ ಆ ಸಕ್ಕರೆಯೇ ಊಟ ಎಂದು ಬಿಡಿಸಿ ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು! ಕಾರು ಹೆಮ್ಮಿಗೆ ಮುಟ್ಟುವಷ್ಟರಲ್ಲಿ ಹೇಳಿ ಮುಗಿಸಬಹುದಿತ್ತು.

ಕೆಲವು ಸೋಮವಾರ ಮೈ ನಡುಗಿ ಬೆವರು ಬಿಡುತ್ತಿತ್ತಂತೆ, ಸಂಜೆ ಉಂಡ ಮೇಲೆ ಸರಿಹೋಗುತ್ತಿತ್ತಂತೆ. ಒಂದು ಮಧ್ಯಾಹ್ನ ನಡುಮನೆಯಲ್ಲಿ ಮಲಗಿದಳು. ಉಪವಾಸದ ಆಯಾಸ, ಮಲಗಿರಲಿ ಎಂದು ಮನೆಯವರು ಎಬ್ಬಿಸಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಿದರೆ ಏಳಲಿಲ್ಲ. ನರಸೀಪುರದಲ್ಲಿ ಗ್ಲೂಕೋಸ್ ಏರಿಸಿ ಮೈಸೂರಿಗೆ ಕಳಿಸಿದರು. ಜೀವ ಉಳಿಯಿತು. ಬಹಳ ಹೊತ್ತು ಹಸಿದ ಮಿದುಳು ಮಾತ್ರ ಮೊದಲಿನಂತಾಗಲಿಲ್ಲ.

ಆಸ್ಪತ್ರೆಯಲ್ಲಿ ದೊಡ್ಡಮ್ಮನ ಸೊಸೆಯ ಮೇಲೆ ಹರಿಹಾಯ್ದೆ. “ನನಗೊಂದು ಫೋನ್ ಮಾಡೋಕೆ ಏನಾಗಿತ್ತು ಅತ್ತಿಗೆ?”

“ನಮ್ ಮಗಳೇ ಬರ್ದವ್ಳೆ, ಒಳ್ಳೇದಂತೆ ಅಂದ್ರು ನಮ್ಮತ್ತೆ. ನೀವು ಬರ್ದಿರೋದ್ನ ಬ್ಯಾಡ ಅನ್ನಾಕೆ ನಾನ್ಯಾರು ಏಳಿ?” ಎಂದು ಅತ್ತಿಗೆ ಗೊಳೋ ಎಂದು ಅತ್ತರು. ಪಾಪ, ಅವರ ಮೇಲೆ ಕೂಗಾಡಿ ಏನು ಬಂತು? ಮಿಂಚಿದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತೆ ಆ ಗಾದೆಯನ್ನು ಕೇಳಬೇಕಲ್ಲ!

ಮೊನ್ನೆ ಹೆಮ್ಮಿಗೆಗೆ ಹೋದೆ. ದೊಡ್ಡಮ್ಮ ಜಗಲಿಯ ಮೇಲೆ ಕೂತಿದ್ದಳು, ಹಣೆಯ ತುಂಬ ವಿಭೂತಿ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ.

“ಯಾವೂರವ್ವ ನಿಮ್ದು?” ಎಂದು ಕೇಳಿದಳು.

“ನಾನು ದೊಡ್ಡಮ್ಮ, ನಿನ್ನ ಮಗಳು.”

ನಕ್ಕುಬಿಟ್ಟಳು. “ಎಲ್ಲಾರಾ ಉಂಟಾ! ನಮ್ ಮಗ್ಳಿಗೆ ಎರಡು ಜಡೆ. ಇಸ್ಕೂಲಿಗೆ ಓಗವ್ಳೆ, ಇನ್ನೇನ್ ಬಸ್ ಬರೋ ಒತ್ತು.” ಆಮೇಲೆ ಬಾಗಿ, ಗುಟ್ಟು ಹೇಳುವವಳ ಹಾಗೆ, “ಭಾರಿ ಬುದ್ವಂತೆ ಕಣವ್ವ. ಸೋಮವಾರ ಒಪ್ಪೊತ್ತಿದ್ರೆ ಮರೆವು ಬರಾಕಿಲ್ಲ ಅಂತ ಬರ್ದವ್ಳೆ. ನೀವೂ ಮಾಡಿ” ಎಂದಳು.