ಎಣ್ಣೆ ಹಚ್ಚಿಕೊಂಡು ಬಂದ ತಲೆ

ವಿಶಾಖಪಟ್ಟಣದ ಮಧುರವಾಡದಲ್ಲಿದ್ದ ನಮ್ಮ ಬ್ಯಾಂಕ್ ಶಾಖೆಗೆ ಧಾರವಾಡದಿಂದ ವರ್ಗವಾಗಿ ಬಂದಿದ್ದ ಮ್ಯಾನೇಜರರು ಏನು ಕೇಳಿದರೂ ಅಂಗೈಯಿಂದ ನೆತ್ತಿ ಸವರಿಕೊಂಡು, "ಎಲ್ಲಾ ಆರಾಮ ಐತ್ರಿ" ಎನ್ನುತ್ತಿದ್ದರು. ತಂದ ಊಟದ ಡಬ್ಬಿ ಹಾಗೆಯೇ ಮನೆಗೆ ಮರಳುತ್ತಿದ್ದ ದಿನಗಳಲ್ಲೂ, ಮುಚ್ಚಳ ತೆಗೆಯದ ಪೆನ್ನಿನಲ್ಲಿ ಸಹಿ ಹಾಕಲು ಹೊರಟಾಗಲೂ ಆರಾಮವೇ.

ಕೊನೆಗೆ ನಾನೇ ಅವರನ್ನು ಮನೋವೈದ್ಯೆಯ ಬಳಿ ಕರೆದೊಯ್ದೆ. ಖಿನ್ನತೆ ಎಂದರು. ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದರು. ಎರಡಕ್ಕೂ ಇವರದು ಅದೇ ಉತ್ತರ. ಈ ಬಾಯನ್ನು ನಂಬಿ ಔಷಧಿ ಆರಿಸುವುದು ಕಷ್ಟ, ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದಾದರೂ ಯಾವುದು ಹಿಡಿಸೀತೆಂದು ಅಂದಾಜು ಮಾಡೋಣ ಎಂದರು ಆಕೆ.

ಪರೀಕ್ಷೆಯ ದಿನ ನಮ್ಮ ಸಾಹೇಬರು ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿ, ನೀಟಾಗಿ ಬಾಚಿಕೊಂಡು ಬಂದಿದ್ದರು. ಅಂಟಿಸಿದ ತಂತಿಗಳೆಲ್ಲ ಜಾರಿದವು. ಅಲ್ಲಿದ್ದ ಹುಡುಗಿ, "ತಲಸ್ನಾನಂ ಚೇಸಿ ರೇಪು ರಂಡಿ ಸಾರ್" ಎಂದು, ತಲೆ ತೊಳೆದು ನಾಳೆ ಬರಲು ಹೇಳಿ ಕಳಿಸಿದಳು.

"ಏನ್ ಸಾರ್ ಇದು?" ಎಂದೆ.

"ಇನ್ಸ್‌ಪೆಕ್ಷನ್‌ಗೆ ಬರ್ತಾರಂದ್ರ ಬ್ರಾಂಚ್ ಚೊಕ್ಕ ಮಾಡೂದಿಲ್ಲೇನ್ರಿ? ತಲಿ ತಂಪಿದ್ರ ರಿಪೋರ್ಟ್ ಛಲೋ ಬರ್ತೈತಿ ಅಂತ ಮಾಡಿದ್ದೆ."

ಮರುದಿನ ಒಣತಲೆಯಲ್ಲಿ ಪರೀಕ್ಷೆಯಾಯಿತು, ಹೊಸ ಮಾತ್ರೆ ಶುರುವಾಯಿತು. ಕೆಲವು ವಾರಗಳ ಬಳಿಕ ಒಂದು ಬೆಳಿಗ್ಗೆ, ಉತ್ತರ ಗೊತ್ತಿದ್ದೂ, "ಹೇಗಿದ್ದೀರಿ ಸಾರ್?" ಎಂದೆ. ನೆತ್ತಿಗೆ ಹೊರಟ ಕೈ ಅರ್ಧದಲ್ಲೇ ನಿಂತಿತು.

"ನಿನ್ನಿ ಭಾಳ ಬ್ಯಾಸರ ಆಗಿತ್ರಿ," ಎಂದರು. "ಬರ್ರಿ, ಚಹಾ ಕುಡಿಯೋಣು."

ಮಾತ್ರೆ ಹಿಡಿಸಿದೆ ಎಂದು ಡಾಕ್ಟರಿಗೆ ನಾನೇ ಫೋನ್ ಮಾಡಿ ಹೇಳಿದೆ.